ಶಂಭುಲಿಂಗನ ಆರು ಪೆಟ್ಟಿಗೆಗಳು

ದಾಕ್ಷಾಯಿಣಿ ಗದಗಿಗೆ ಹೊರಡುವ ಮುನ್ನ ಹೇಳಿದ್ದು ಒಂದೇ ಮಾತು. ಅದನ್ನು ಕೇಳಿ ಸುಮ್ಮನಿದ್ದಿದ್ದರೆ ಶಂಭುಲಿಂಗನ ಭಾನುವಾರ ಉಳಿದ ಭಾನುವಾರಗಳ ಹಾಗೆಯೇ ಕಳೆದುಹೋಗುತ್ತಿತ್ತು. ಅವನು ಎದುರು ಮಾತಾಡಿದ.

“ಅಟ್ಟದ ಮ್ಯಾಲಿನ ಆ ಕರೀ ಡಬ್ಬಿಗೋಳನ್ನ ಇವತ್ತ ಗುಜರಿಯವಗ ಹಾಕಿಬಿಡ್ರಿ,” ಅಂದಳು ದಾಕ್ಷಾಯಿಣಿ.

“ಅವು ಡಬ್ಬಿ ಅಲ್ಲ. ಹೋಂ ಥಿಯೇಟರ್. ಇವತ್ತಿಗೂ ಹಾಡ್ತಾವ,” ಅಂದ ಶಂಭುಲಿಂಗ.

ದಾಕ್ಷಾಯಿಣಿ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. ಆಕೆ ಚೀಲ ಕೆಳಗಿಟ್ಟಳೆಂದರೆ ಬಸ್ಸು ಹೋದರೂ ಚಿಂತೆಯಿಲ್ಲ, ಮಾತು ಮುಗಿಸಿಯೇ ಹೋಗುವವಳು ಎಂದು ಅರ್ಥ.

“ಹಾಡ್ತಾವೇನು? ಭಾಳ ಛಲೋ ಆತು. ಸಂಜಿಗೆ ನಾ ಬಾಗಲದಾಗ ಕಾಲಿಟ್ಟಾಗ ಅವು ಹಾಡ್ತಿರಬೇಕು. ಹಾಡಿದ್ರ ಮನ್ಯಾಗ ಇರ್ತಾವ. ಇಲ್ಲಂದ್ರ ಇವತ್ತ ಹೊರಗ. ಮತ್ತ ಅವುಗಳ ಸುದ್ದಿ ನಾನೂ ತಗಿಯೂದಿಲ್ಲ, ನೀವೂ ತಗೀಬಾರದು. ಒಪ್ಪಿಗಿ ಐತೇನು?”

ಶಂಭುಲಿಂಗ ಒಪ್ಪಿದ. ತಂಗಿಯ ಮೊಮ್ಮಗುವಿನ ತೊಟ್ಟಿಲು ಕಾರ್ಯಕ್ಕೆಂದು ದಾಕ್ಷಾಯಿಣಿ ಹೊರಟುಹೋದಳು.

ಗೋಕುಲ ರಸ್ತೆಯ ಒಂದು ಪಂಪುಸೆಟ್ ಕಾರ್ಖಾನೆಯಲ್ಲಿ ಶಂಭುಲಿಂಗ ಸ್ಟೋರ್ ಕೀಪರ್. ದಿನವಿಡೀ ಕಬ್ಬಿಣದ ಸದ್ದು ಕೇಳುವ ಅವನ ಕಿವಿಗೆ ಇದ್ದ ಆಸೆ ಒಂದೇ: ರಜೆಯ ದಿನ ಕಾಲು ಚಾಚಿ ಕೂತು ಒಂದು ಹಿಂದೂಸ್ತಾನಿ ಗಾಯನ ಪೂರ್ತಿ ಕೇಳಬೇಕು. ಅದಕ್ಕಾಗಿಯೇ ಒಂದು ಕಾಲಕ್ಕೆ ಈ ಹೋಂ ಥಿಯೇಟರ್ ಕೊಂಡಿದ್ದ. ಐದು ಸಣ್ಣ ಪೆಟ್ಟಿಗೆ, ಕರು ಕೂತಷ್ಟು ದೊಡ್ಡದಾದ ಇನ್ನೊಂದು, ಆರನ್ನೂ ಹಾಡಿಸುವ ಒಂದು ಡಿಸ್ಕ್ ಪ್ಲೇಯರು. ಬೆಂಗೇರಿಯ ಈ ಮನೆಗೆ ಬಂದಾಗ ಗೋಡೆಗೆ ಬಣ್ಣ ಹಚ್ಚುವವರೆಗೆ ಎಂದು ಅಟ್ಟಕ್ಕೆ ಹತ್ತಿಸಿದವು ಮತ್ತೆ ಇಳಿದಿರಲಿಲ್ಲ. ಅಲ್ಲಿಂದ ಈಚೆಗೆ ಅವನು ಫೋನಿನಲ್ಲಿಯೇ ಸಂಗೀತ ಕೇಳುತ್ತಿದ್ದ. ಎಂಥ ದೊಡ್ಡ ಗವಾಯಿಯ ದನಿಯೂ ಅದರಲ್ಲಿ ಡಬ್ಬಿಯೊಳಗೆ ಸಿಕ್ಕಿಬಿದ್ದ ಸೊಳ್ಳೆಯ ಹಾಗೆ ಕೇಳುತ್ತಿತ್ತು.

ಅವನು ಏಣಿ ಹಾಕಿ ಮೊದಲ ಪೆಟ್ಟಿಗೆ ಇಳಿಸುವಷ್ಟರಲ್ಲಿ ಮೇಲಿನ ಮನೆಯ ರಾಜಶೇಖರ ಬಾಗಿಲಲ್ಲಿ ನಿಂತಿದ್ದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಸಂಭಾವಿತ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮುಖಕ್ಕೆ ಮಾತ್ರ ಇಸ್ತ್ರಿ ಇರಲಿಲ್ಲ.

“ಶಂಭಣ್ಣಾ, ಇವತ್ತ ಮಗಳನ್ನ ನೋಡಾಕ ಧಾರವಾಡದಿಂದ ಬರಾಕತ್ತಾರ್ರಿ. ಭಾಳ ದೊಡ್ಡ ಮನಿತನ. ಹುಡುಗನ ತಂದಿ ಸಂಭಾಳಸೂದು ಕಠಿಣ ಅಂತ ಕೇಳೇನಿ. ಸ್ವಲ್ಪ ಗದ್ದಲ ಆಗದಂಗ ನೋಡ್ಕೊಳ್ರಿ.”

“ನನ್ನ ಮಗಳಿದ್ದಂಗ ಅಲ್ಲೇನು? ಉಸರ ಸೈತ ಸಾವಕಾಶ ಬಿಡ್ತೇನಿ,” ಅಂದ ಶಂಭುಲಿಂಗ. ಮನಸ್ಸಿನಿಂದಲೇ ಅಂದ.

ಏಣಿಯ ಸದ್ದಿಗೆ ಎದುರು ಮನೆಯ ಗುರುಸಿದ್ದಯ್ಯ ಮಾಸ್ತರರು ಬಂದರು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಪಾಠ ಮಾಡುವುದನ್ನು ಬಿಟ್ಟಿರಲಿಲ್ಲ, ಹುಡುಗರು ಸಿಗುತ್ತಿರಲಿಲ್ಲ ಅಷ್ಟೆ. ಅವರ ಹಿಂದೆಯೇ ಪಕ್ಕದ ಮನೆಯ ಹತ್ತಿಕಾಳು ವ್ಯಾಪಾರಿ ಉಳವಪ್ಪ ಬಂದ. ಜಗತ್ತಿನ ಯಾವ ಯಂತ್ರವಾದರೂ ಒಂದು ಏಟು ಸರಿಯಾದ ಜಾಗಕ್ಕೆ ಬಿದ್ದರೆ ದಾರಿಗೆ ಬರುತ್ತದೆ ಎಂದು ಅವನು ನಂಬಿದ್ದ. ಅವನ ಮನೆಯ ಟಿವಿ, ಮಿಕ್ಸರು, ಗೀಸರು ಎಲ್ಲವೂ ಏಟು ತಿಂದೇ ಬದುಕಿದ್ದವು.

“ಶಂಭುಲಿಂಗ, ಸ್ಪೀಕರ್ ಹೆಂಗ ಬೇಕಾದಂಗ ಇಡೂದಲ್ಲೋ,” ಅಂದರು ಮಾಸ್ತರರು. “ಧ್ವನಿ ಅನ್ನೂದು ತರಂಗ. ಅದಕ್ಕ ಸುತ್ತಾಡಾಕ ಜಾಗಾ ಬೇಕು.”

ಧ್ವನಿಗೆ ಸುತ್ತಾಡಲು ಜಾಗ ಮಾಡಿಕೊಟ್ಟರು. ಅದರಂತೆ ಒಂದು ಪೆಟ್ಟಿಗೆ ಫ್ರಿಜ್ಜಿನ ಮೇಲೆ ಹೋಯಿತು, ಒಂದು ಅಡುಗೆಮನೆಯ ಹೊಸ್ತಿಲಿಗೆ, ಒಂದು ಬಚ್ಚಲಿನ ಬಾಗಿಲಿಗೆ. ಇನ್ನೆರಡು ಟಿವಿಯ ಅಕ್ಕಪಕ್ಕ ಉಳಿದುಕೊಂಡವು. ದೊಡ್ಡ ಪೆಟ್ಟಿಗೆ ದಿವಾನದ ಕೆಳಗೆ ಸೇರಿತು. ಮನೆಯ ತುಂಬ ವೈರು ಹರಡಿ, ಶಂಭುಲಿಂಗ ತನ್ನ ಮನೆಯಲ್ಲಿ ತಾನೇ ಕುಂಟೆಬಿಲ್ಲೆ ಆಡಿದ ಹಾಗೆ ಕಾಲೆತ್ತಿ ಕಾಲಿಡಬೇಕಾಯಿತು. ಮೂವರೂ ಪಿಸುಮಾತಿನಲ್ಲೇ ಕೆಲಸ ಮಾಡಿದರು. ಮೇಲಿನವರಿಗೆ ತೊಂದರೆಯಾಗಬಾರದೆಂದು ಕಿಟಕಿಗಳನ್ನೂ ಮುಚ್ಚಿದರು.

ಸ್ವಿಚ್ ಹಾಕಿದಾಗ ಕೆಂಪು ದೀಪ ಹೊತ್ತಿತು. ಪ್ಲೇಯರಿನ ಡಿಸ್ಕು ಹಾಕುವ ತಟ್ಟೆ ಮಾತ್ರ ಹೊರಗೆ ಬರಲಿಲ್ಲ. ಉಳವಪ್ಪ ಸದ್ದಾಗದಂತೆ ಅಂಗೈಗೆ ಟವೆಲ್ ಸುತ್ತಿಕೊಂಡು ಒಂದು ಕೊಟ್ಟ. ತಟ್ಟೆ ಹೊರಗೆ ಬಂತು. ಬಂದದ್ದು ಮತ್ತೆ ಒಳಗೆ ಹೋಗಲಿಲ್ಲ. ವೈದ್ಯರ ಮುಂದೆ ನಾಲಿಗೆ ಚಾಚಿ ಕೂತವರ ಹಾಗೆ ಹಾಗೇ ಇತ್ತು.

“ಇನ್ನ ಬ್ಲೂಟೂತೇ ಗತಿ,” ಅಂದರು ಮಾಸ್ತರರು.

ಶಂಭುಲಿಂಗ ಸ್ಕೂಟರ್ ತೆಗೆದುಕೊಂಡು ಹೋಗಿ ಬೆಂಕಿಪೆಟ್ಟಿಗೆಯಷ್ಟು ಸಣ್ಣದೊಂದು ಬ್ಲೂಟೂತ್ ಡಬ್ಬಿ ತಂದ. ಅದನ್ನು ಹೋಂ ಥಿಯೇಟರಿಗೆ ಸಿಕ್ಕಿಸಿದರೆ ಫೋನಿನ ಹಾಡು ತಂತಿಯಿಲ್ಲದೆ ಅದಕ್ಕೆ ಹೋಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಸಿಕ್ಕಿಸಿದ ಕೂಡಲೇ ಡಬ್ಬಿಯ ನೀಲಿ ದೀಪ ಪಿಳಿಪಿಳಿ ಬಡಿದುಕೊಳ್ಳತೊಡಗಿತು.

“ಜೀವ ಐತಿ,” ಅಂದ ಉಳವಪ್ಪ.

ಫೋನಿನಲ್ಲಿ ಹುಡುಕಿದಾಗ ಎರಡು ಹೆಸರು ಕಂಡವು. ಎರಡೂ ಲಾರಿಯ ನಂಬರಿನಂತಿದ್ದವು. ಒಂದು ಗಿಡ್ಡ, ಒಂದು ಉದ್ದ.

“ಯಾವುದು ಒತ್ತಲಿ, ಮಾಸ್ತರ್ರ?”

ಮಾಸ್ತರರು ಕನ್ನಡಕ ಏರಿಸಿ ನೋಡಿದರು. “ಉದ್ದಂದು ಒತ್ತು. ದೊಡ್ಡ ಸಾಮಾನಿಗೆ ಹೆಸರೂ ದೊಡ್ಡದ ಇರತೈತಿ.”

ಶಂಭುಲಿಂಗ ಉದ್ದದ್ದನ್ನು ಒತ್ತಿದ. ‘ಕನೆಕ್ಟೆಡ್’ ಎಂದು ಬಂತು. ಮೂವರೂ ಸದ್ದಿಲ್ಲದೆ ಒಬ್ಬರಿಗೊಬ್ಬರು ಕೈಕುಲುಕಿದರು.

ಹಾಡು ಹಚ್ಚಿದರು. ಏನೂ ಕೇಳಲಿಲ್ಲ. ನಿಲ್ಲಿಸಿದರು. ಏನು ತಪ್ಪಿರಬಹುದೆಂದು ನೋಡಲು ಯೂಟ್ಯೂಬಿನಲ್ಲಿ ಹಳೆಯ ಸ್ಪೀಕರ್ ರಿಪೇರಿ ಮಾಡುವ ಬೆಂಗಳೂರಿನವನೊಬ್ಬನ ವಿಡಿಯೋ ತೆರೆದರು. ಅವನು ಕೈ ಆಡಿಸುತ್ತಿದ್ದ, ತುಟಿ ಆಡಿಸುತ್ತಿದ್ದ, ದನಿ ಮಾತ್ರ ಇಲ್ಲ.

“ಈಗ ಫೋನೂ ಮೂಗ ಆತಲ್ರಿ!” ಶಂಭುಲಿಂಗ ಗಾಬರಿಯಾದ.

“ಮೂಗ ಆಗಿಲ್ಲ,” ಅಂದರು ಮಾಸ್ತರರು. “ಫೋನು ತನ್ನ ದನಿ ಪೆಟ್ಟಿಗಿಗೆ ಕೊಟ್ಟೈತಿ. ಪೆಟ್ಟಿಗಿ ಇನ್ನೂ ಇಸಗೊಂಡಿಲ್ಲ. ದನಿ ನಡಬರಕ ನಿಂತೈತಿ. ವಾಲ್ಯೂಮ್ ಏರಸು.”

“ಒಮ್ಮೆಲೆ ಬಂದಬಿಟ್ರ? ಮ್ಯಾಲೆ ಹೆಣ್ಣ ನೋಡಾಕತ್ತಾರ್ರಿ.”

“ಬಂದ ಮ್ಯಾಲೆ ಕಡಿಮಿ ಮಾಡೋಣು. ಬರದ ಇದ್ದದ್ದನ್ನ ಹೆಂಗ ಕಡಿಮಿ ಮಾಡ್ತಿ?”

ಶಂಭುಲಿಂಗ ವಾಲ್ಯೂಮ್ ಏರಿಸಿದ. ಮೇಲಿನಿಂದ ಯಾರೋ ಗಂಡಸು ಜೋರಾಗಿ ಮಾತಾಡುವುದು ಕೇಳಿಸಿತು.

“ಟಿವಿ ಹಚ್ಯಾರ,” ಉಳವಪ್ಪ ತಲೆ ಅಲ್ಲಾಡಿಸಿದ. “ಹೆಣ್ಣ ನೋಡಾಕ ಬಂದವರ ಮುಂದ ಯಾರರ ಟಿವಿ ಹಚ್ಚತಾರೇನ್ರಿ? ನಾವಿಲ್ಲಿ ಕಿಡಕಿ ಮುಚ್ಚಿ ಕುಂತೇವಿ, ಅವರಿಗೇ ಖಬರಿಲ್ಲ.”

ಅಷ್ಟರಲ್ಲಿ ದಾಕ್ಷಾಯಿಣಿಯ ವಾಯ್ಸ್ ಮೆಸೇಜ್ ಬಂತು. ಶಂಭುಲಿಂಗ ಒತ್ತಿದ. ಅದೂ ಮೂಕ. ಮದುವೆಯಾದಾಗಿನಿಂದ ಹೆಂಡತಿ ಮಾತಾಡಿಯೂ ಅವನಿಗೆ ಕೇಳದೆ ಇದ್ದದ್ದು ಅದೇ ಮೊದಲು. ಒಂದು ಕ್ಷಣ ಹಿತವೆನಿಸಿತು, ಆಮೇಲೆ ಭಯವಾಯಿತು. ಮತ್ತೊಮ್ಮೆ ಹಚ್ಚಿದ. ಇಲ್ಲ. ಏನು ಹೇಳಿರಬಹುದೆಂಬ ಚಿಂತೆಗೆ ಮೂರನೆಯ ಸಲವೂ ಹಚ್ಚಿ, ಫ್ರಿಜ್ಜಿನ ಮೇಲಿನ ಸ್ಪೀಕರಿಗೆ ಕಿವಿಯೊತ್ತಿ ನಿಂತ. ಫ್ರಿಜ್ಜಿನ ಸದ್ದು ಕೇಳಿತು.

“ಬಿಡು, ಹಾಡಿನಿಂದನ ಪರೀಕ್ಷಾ ಮಾಡೋಣು,” ಅಂದರು ಮಾಸ್ತರರು. “ಉದ್ದಂದು ಒಂದು ಹಚ್ಚು. ದಾರಿ ಹಿಡಿಯಾಕ ವ್ಯಾಳ್ಯಾ ಬೇಕು.”

ಶಂಭುಲಿಂಗ ಭೀಮಪಲಾಸ್ ರಾಗದ ಒಂದು ದೀರ್ಘ ಗಾಯನ ಹಚ್ಚಿ, ವಾಲ್ಯೂಮನ್ನು ಇನ್ನಷ್ಟು ಏರಿಸಿದ. ಸ್ವಲ್ಪ ಹೊತ್ತಿಗೆ ಅವನ ಕಿವಿ ನಿಮಿರಿತು.

“ಬರಾಕತ್ತೈತಿ! ಸಣ್ಣಗ ಬರಾಕತ್ತೈತಿ!”

ಮೂವರೂ ನೆಲಕ್ಕೆ ಬಿದ್ದು ಒಂದೊಂದು ಪೆಟ್ಟಿಗೆಗೆ ಕಿವಿ ಹಚ್ಚಿದರು. ಎಲ್ಲಿ ಹಚ್ಚಿದರೂ ಒಂದೇ ಸಮನೆ, ದೂರದಿಂದ, ಹೊದ್ದುಕೊಂಡು ಹಾಡಿದ ಹಾಗೆ ಬರುತ್ತಿತ್ತು.

“ಹೊಟ್ಟ್ಯಾಗ ಹುಟ್ಟೈತಿ,” ಅಂದರು ಮಾಸ್ತರರು. “ಬಾಯಿಗೆ ಬರವಲ್ತು.”

“ಬಾಯಿಗೆ ನಾ ತರಸ್ತೇನಿ,” ಎಂದು ಉಳವಪ್ಪ ಟವೆಲ್ ಸುತ್ತಿಕೊಳ್ಳತೊಡಗಿದ. ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಗಿ ರಾಜಶೇಖರ ಒಳಗೆ ಬಂದ. ವೈರಿಗೆ ಕಾಲು ತಾಗಿ ದಿವಾನದ ಮೇಲೆ ಬಿದ್ದ. ಬಿದ್ದಲ್ಲಿಂದಲೇ ಕೇಳಿದ:

“ಶಂಭಣ್ಣಾ, ಇದು ನೀವ ಏನ್ರಿ?”

“ಏನು ನಾನು?”

“ನಮ್ಮ ಟಿವಿ ಕೆಳಗಿನ ಸೌಂಡ್ ಬಾರ್ ಅನ್ನೂ ಸ್ಪೀಕರ್ ತಾನ ಮಾತಾಡಾಕತ್ತೈತ್ರಿ! ರಿಮೋಟ್ ಸಿಗವಲ್ತು, ಪ್ಲಗ್ ನೋಡಿದ್ರ ಶೋಕೇಸಿನ ಹಿಂದ ಐತಿ. ಮಗಳು ಚಹಾದ ಟ್ರೇ ಹಿಡಕೊಂಡು ಹೊರಗ ಬಂದ್ಲು, ಅದೇ ಹೊತ್ತಿಗೆ ಒಬ್ಬಾವ ‘ನಮಸ್ಕಾರ ಸ್ನೇಹಿತರೇ, ಹೊರಗಡೆ ಪಾಲಿಶ್ ನೋಡಿ ಮೋಸ ಹೋಗಬೇಡಿ, ಮೊದಲು ಸೌಂಡ್ ಚೆಕ್ ಮಾಡಿ’ ಅಂದ. ಅಂದದ್ದೇ ತಡ, ಹುಡುಗನ ತಾಯಿ ನನ್ನ ಮಗಳಿಗೆ, ‘ನಿನ್ನ ಹೆಸರೇನವಾ, ಸ್ವಲ್ಪ ಜೋರಾಗಿ ಹೇಳು’ ಅಂದ್ರು.”

ಶಂಭುಲಿಂಗನ ಕೈಯಲ್ಲಿದ್ದ ಫೋನು ಬೆವೆತಿತು.

“ಅದನ್ನ ಹೆಂಗೋ ನುಂಗಿಕೊಂಡ್ವಿ. ಆಮ್ಯಾಲೆ ದಾಕ್ಷಾಯಿಣಿ ಅಕ್ಕಾರು ಬಂದ್ರು.”

“ಆಕಿ ಗದಗಿನ್ಯಾಗ ಅದಾಳಲ್ರಿ.”

“ಗದಗಿನ್ಯಾಗಿದ್ರೇನಾತು, ದನಿ ನಮ್ಮ ಹಾಲಿನ್ಯಾಗ ಬಂತು. ಆ ದನಿ ನಮಗ ಗೊತ್ತಿಲ್ಲೇನು? ‘ಏನ್ರಿ, ಆ ಮುದಿ ಸಾಮಾನು ಇನ್ನೂ ಮನ್ಯಾಗ ಐತೇನು? ಅದರ ಮುಂದ ಏನ ನೋಡ್ಕೋತ ಕುಂತೀರಿ, ಲಗೂ ಎತ್ತಿ ಹೊರಗ ಹಾಕ್ರಿ’ ಅಂದ್ರು. ಎದುರಿಗೆ ಹುಡುಗನ ಅಜ್ಜಿ ಕುಂತಿದ್ರು.”

ಉಳವಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

“ಒಂದ ಸಲ ಅಂದಿದ್ರ ಏನರ ಹೇಳಬಹುದಿತ್ತು. ಮೂರು ಸಲ ಅಂದ್ರು. ಪುಣ್ಯಕ್ಕ ಅಜ್ಜಿಗೆ ಕಿವಿ ಮಂದ. ‘ಏನಂತಾಳೋ ಆಕಿ?’ ಅಂತ ಕೇಳಿದ್ರು. ‘ಚಹಾ ಆರತೈತಿ ಕುಡಿ ಅಂತಾರಬೇ’ ಅಂತ ಹುಡುಗ ಹೇಳಿದ. ತಂದಿ ಮಾತ್ರ ಎದ್ದಬಿಟ್ರು. ಶಿರಾ ಹಂಗ ಬಿಟ್ಟು ಬಾಗಲಕ್ಕ ಹೋದ್ರು, ಒಂದ ಕಾಲಿಗೆ ಚಪ್ಪಲಿ ಹಾಕ್ಕೊಂಡ್ರು.”

“ತಪ್ಪಾತು ರಾಜಶೇಖರ,” ಅಂದ ಶಂಭುಲಿಂಗ. “ಉದ್ದನ್ನ ಹೆಸರು ನಿಮ್ಮದು ಅಂತ ನನಗ ತಿಳೀಲಿಲ್ಲ. ಈಗಿಂದೀಗ ಬಂದ್ ಮಾಡ್ತೇನಿ—”

“ಬಂದ್ ಮಾಡಬ್ಯಾಡ್ರಿ!” ರಾಜಶೇಖರ ಅವನ ಎರಡೂ ಕೈ ಹಿಡಿದುಕೊಂಡ. “ನಿಮ್ಮ ಕಾಲ ಹಿಡಿತೇನಿ, ಬಂದ್ ಮಾಡಬ್ಯಾಡ್ರಿ. ಆಗ ಈ ಹಾಡು ಶುರು ಆತ್ರಿ. ಅವರು ಒಂದ ಚಪ್ಪಲಿ ಮ್ಯಾಲೆ ನಿಂತಬಿಟ್ರು. ತಿರಿಗಿ ಬಂದು ಕುಂತ್ರು. ಕಣ್ಣ ಮುಚ್ಕೊಂಡು ತೊಡಿ ಮ್ಯಾಲೆ ತಾಳ ಹಾಕಾಕತ್ತಾರ. ‘ನಿಮ್ಮ ಮನ್ಯಾಗ ದಿನಾ ಇದನ್ನ ಕೇಳ್ತೀರೇನ್ರಿ?’ ಅಂದ್ರು. ನಾ ಹ್ಞೂಂ ಅಂದುಬಿಟ್ಟೆ. ‘ಇಂಥಾ ಮನಿತನಾನ ಹುಡುಕಾಕತ್ತಿದ್ವಿ’ ಅಂದ್ರು. ಈಗ ಇದು ಯಾವ ರಾಗ ಅಂತ ಕೇಳ್ಯಾರ. ನೀರ ತರ್ತೇನಂತ ಹೇಳಿ ಓಡಿ ಬಂದೇನಿ.”

“ಭೀಮಪಲಾಸ್.”

“ಭೀಮ... ಏನ್ರಿ?”

“ಭೀಮಪಲಾಸ್. ಮಧ್ಯಾಹ್ನದ ರಾಗ.”

ರಾಜಶೇಖರ ಮಾತ್ರೆಯ ಹೆಸರು ಬಾಯಿಪಾಠ ಮಾಡುವವನ ಹಾಗೆ ಅದನ್ನೇ ಗುನುಗುತ್ತ ಮೆಟ್ಟಿಲು ಹತ್ತಿದ. ನೀರು ಒಯ್ಯುವುದನ್ನು ಮರೆತ.

ಕೆಳಗೆ ಮೂವರೂ ನೀಲಿ ದೀಪ ನೋಡಿದರು. ಅದು ಇನ್ನೂ ಪಿಳಿಪಿಳಿ ಬಡಿದುಕೊಳ್ಳುತ್ತಿತ್ತು. ಮುಂಜಾನೆಯಿಂದ ಯಾರಾದರೂ ತನ್ನನ್ನು ಮಾತಾಡಿಸುತ್ತಾರೇನೋ ಎಂದು ಕಾಯುತ್ತಿದ್ದ ಹಾಗೆ ಕಂಡಿತು.

“ಗಿಡ್ಡ ಹೆಸರು ನಮ್ಮದು,” ಅಂದ ಶಂಭುಲಿಂಗ ಮೆಲ್ಲಗೆ.

“ನಾ ಮೊದಲ ಅದನ್ನ ಹೇಳಾವಿದ್ದೆ,” ಅಂದರು ಮಾಸ್ತರರು.

ಶಂಭುಲಿಂಗನಿಗೆ ತಡೆಯಲಾಗಲಿಲ್ಲ. ಒಂದೇ ಒಂದು ಕ್ಷಣ ಎಂದು ಗಿಡ್ಡ ಹೆಸರನ್ನು ಒತ್ತಿಬಿಟ್ಟ. ನೀಲಿ ದೀಪ ಬಡಿದುಕೊಳ್ಳುವುದನ್ನು ನಿಲ್ಲಿಸಿ ನೆಟ್ಟಗೆ ನಿಂತಿತು. ಮರುಕ್ಷಣ ಅಡುಗೆಮನೆಯ ಹೊಸ್ತಿಲಿನಿಂದ ತಂಬೂರಿ ಎದ್ದಿತು. ಫ್ರಿಜ್ಜಿನ ಮೇಲಿನಿಂದ ತಬಲಾ ಇಳಿಯಿತು. ದಿವಾನದ ಕೆಳಗಿನ ದೊಡ್ಡ ಪೆಟ್ಟಿಗೆ ಎದೆಯ ಗೂಡಿಗೆ ಕೈಯಿಟ್ಟಂತೆ ಮಿಡಿಯಿತು. ನಡುವೆ, ಖಾಲಿ ಜಾಗದಲ್ಲಿ, ಗವಾಯಿ ತಾನೇ ಬಂದು ಪದ್ಮಾಸನ ಹಾಕಿ ಕೂತ ಹಾಗೆ ದನಿ ನಿಂತಿತು. ಉಳವಪ್ಪನ ಕೈಯಿಂದ ಟವೆಲ್ ಜಾರಿತು. ಮಾಸ್ತರರು ಮೊದಲ ಸಲ ವಿವರಣೆ ಕೊಡದೆ ಕೂತರು. ಶಂಭುಲಿಂಗನ ಕಣ್ಣುಗಳು ಒದ್ದೆಯಾದವು. ಪೆಟ್ಟಿಗೆಗಳು ಗೆದ್ದಿದ್ದವು. ಸಂಜೆ ದಾಕ್ಷಾಯಿಣಿ ಬಾಗಿಲಲ್ಲಿ ಕಾಲಿಟ್ಟಾಗ ಯಾವ ರಾಗ ಹಚ್ಚಬೇಕೆಂದು ಅವನು ಆಗಲೇ ಆಲೋಚಿಸತೊಡಗಿದ.

“ಹಾಡು ನಿಂತತ್ರಿ! ಮ್ಯಾಲೆ ನಿಂತಬಿಟ್ಟತ್ರಿ!” ರಾಜಶೇಖರ ಮತ್ತೆ ಬಾಗಿಲಲ್ಲಿದ್ದ. ಈ ಸಲ ಕಾಲಿನಲ್ಲಿ ಚಪ್ಪಲಿಯೂ ಇರಲಿಲ್ಲ. “ಅವರು ಕಣ್ಣ ತಗದಾರ! ಲಗೂ ಮ್ಯಾಲೆ ಕಳಸ್ರಿ!”

“ನಿಮ್ಮ ಫೋನಿನಿಂದನ ಹಚ್ಚಿಬಿಡ್ರಲ್ಲ.”

“ನನ್ನ ಫೋನಿನ್ಯಾಗ ಇರೂದು ಎಲ್ಲಾ ಬರಾತಿನ್ಯಾಗ ಕುಣಿಯೂ ಹಾಡ್ರಿ! ಮ್ಯಾಲೆ ಅವರು ನನ್ನ ಮಗ್ಗಲದಾಗ ಕುಂತಾರ. ಯಾವ ಹೊತ್ತಿಗೆ ಯಾವ ರಾಗ ಅಂತ ನನಗೇನ ತಿಳಿಬೇಕು? ಮಗಳ ಬಾಳೇವು ನಿಮ್ಮ ಕೈಯಾಗ ಐತಿ, ಶಂಭಣ್ಣಾ.”

ಶಂಭುಲಿಂಗ ಆರೂ ಪೆಟ್ಟಿಗೆಗಳನ್ನು ಒಮ್ಮೆ ನೋಡಿದ. ಉದ್ದ ಹೆಸರನ್ನು ಒತ್ತಿದ. ಅವನ ಮನೆ ಮೂಕವಾಯಿತು. ಮೇಲಿನ ಮನೆ ಹಾಡಿತು.

ರಾಜಶೇಖರ ಅಷ್ಟಕ್ಕೇ ಬಿಡಲಿಲ್ಲ. ಮೂವರಿಂದಲೂ ಲಿಂಗದ ಆಣೆ ಹಾಕಿಸಿಕೊಂಡ. ಈ ಸಂಗತಿ ಯಾರಿಗೂ ಹೇಳಬಾರದು, ದಾಕ್ಷಾಯಿಣಿಗಂತೂ ಹೇಳಲೇಬಾರದು. “ಅಕ್ಕಾರ ಕಿವಿಗೆ ಬಿದ್ರ ಊಟದ ಹೊತ್ತಿಗೆ ಧಾರವಾಡ ಮುಟ್ಟತೈತಿ.” ಮಾಸ್ತರರನ್ನೂ ಉಳವಪ್ಪನನ್ನೂ ‘ನಮ್ಮ ನೆರೆಯವರು, ಸಂಗೀತ ಬಲ್ಲವರು’ ಎಂದು ಪರಿಚಯಿಸಲು ಮೇಲೆ ಕರೆದುಕೊಂಡು ಹೋದ. ಬಿಸಿ ಶಿರಾದ ವಾಸನೆ ಮೆಟ್ಟಿಲಿನಿಂದ ಇಳಿದು ಬರುತ್ತಿತ್ತು. ಇಬ್ಬರೂ ಹಿಂದೆ ತಿರುಗಿ ನೋಡಲಿಲ್ಲ.

ಶಂಭುಲಿಂಗ ಒಬ್ಬನೇ ಉಳಿದ. ಭೀಮಪಲಾಸ್ ಮುಗಿಯಿತು. ‘ಇನ್ನೊಂದು ಕೇಳಾಕತ್ತಾರ’ ಎಂದು ಮೇಲಿನಿಂದ ಮೆಸೇಜ್ ಬಂತು. ಮುಲ್ತಾನಿ ಹಚ್ಚಿದ. ಹೊತ್ತು ಇಳಿಯಿತು, ‘ಊಟಕ್ಕೂ ನಿಂತ್ರು’ ಎಂದು ಬಂತು. ಪೂರಿಯಾ ಹಚ್ಚಿದ. ಅದು ದ್ರುತಕ್ಕೆ ಬಂದು ರಂಗೇರಿದ ಹೊತ್ತಿಗೆ ದಾಕ್ಷಾಯಿಣಿ ಬಾಗಿಲಲ್ಲಿ ಕಾಲಿಟ್ಟಳು. ದಾರಿಯಲ್ಲಿ ಸಿಕ್ಕ ಗುಜರಿಯವನನ್ನೂ ಗಾಡಿ ಸಮೇತ ಕರೆದುಕೊಂಡೇ ಬಂದಿದ್ದಳು.

ಮನೆಯೊಳಗೆ ಹರಡಿದ್ದ ವೈರುಗಳನ್ನೂ ಹೊರಗೆ ಚಾಚಿದ್ದ ತಟ್ಟೆಯನ್ನೂ ನಡುವೆ ಫೋನು ಹಿಡಿದು ಕೂತ ಗಂಡನನ್ನೂ ಆಕೆ ಒಂದೊಂದಾಗಿ ನೋಡಿದಳು.

“ಹೂಂ. ಹಾಡಸ್ರಿ.”

ಶಂಭುಲಿಂಗ ಫೋನು ನೋಡಿದ. ಗಿಡ್ಡ ಹೆಸರು ಬೆರಳಿನ ಕೆಳಗೇ ಇತ್ತು. ಛಾವಣಿ ನೋಡಿದ. ಅಲ್ಲಿ ಒಂದು ಹುಡುಗಿಯ ಬಾಳು ಪೂರಿಯಾದ ತಾನಿನ ಮೇಲೆ ನಿಂತಿತ್ತು.

“ಮುಂಜಾನಿಂದ ಏನ ಮಾಡಿದ್ರಿ? ಅಲ್ರಿ, ನಾ ಕಳಿಸಿದ ಮೆಸೇಜ್ ಕೇಳಿದ್ರೋ ಇಲ್ಲೋ?”

“ಕೇಳಿದ್ರು,” ಅಂದ ಶಂಭುಲಿಂಗ.

“ಯಾರು ಕೇಳಿದ್ರು?”

“ಅಲ್ಲ, ಕೇಳಿದೆ.”

“ಮತ್ತ ಹಾಡ್ತಾವೋ ಇಲ್ಲೋ ಇವು?”

“ಇಲ್ಲ,” ಅಂದ. “ಹಾಡೂದಿಲ್ಲ.”

ಮಾತು ಮಾತೇ. ಗುಜರಿಯವನು ಒಂದೊಂದಾಗಿ ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿದ. ದೊಡ್ಡದನ್ನು ಎತ್ತಲು ಶಂಭುಲಿಂಗನೇ ಒಂದು ಕೈ ಕೊಡಬೇಕಾಯಿತು. ಇನ್ನೊಂದು ಕೈಯಲ್ಲಿ ಫೋನಿತ್ತು. ದಾಕ್ಷಾಯಿಣಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲಕ್ಕೆ ಕಿವಿಗೊಟ್ಟಳು.

“ಕೇಳ್ರಿ, ರಾಜಶೇಖರಣ್ಣಾರ ಮನ್ಯಾಗ ಎಷ್ಟ ಛಂದ ಹಾಡು ಬರಾಕತ್ತೈತಿ! ಸಾಮಾನು ಇಟ್ಟಕೊಂಡ್ರ ಹಂಗ ಇಟ್ಟಕೋಬೇಕು. ತಡೀರಿ, ಹೆಣ್ಣ ನೋಡೂದು ಏನಾತಂತ ಕೇಳಿಕೊಂಡ ಬರ್ತೇನಿ.”

ಆಕೆ ಹೋದವಳು ಬಹಳ ಹೊತ್ತು ಬರಲಿಲ್ಲ. ಶಂಭುಲಿಂಗ ಯಮನ್ ಹಚ್ಚಿದ. ಆಮೇಲೆ ಬಂದವಳ ಮುಖ ಅರಳಿತ್ತು, ಕೈಯಲ್ಲಿ ಶಿರಾದ ಬಟ್ಟಲಿತ್ತು.

“ಗಟ್ಟಿ ಆತ್ರಿ! ಬರೂ ಐತವಾರ ನಿಶ್ಚಯ, ಮ್ಯಾಲಿನ ಮನ್ಯಾಗನ. ಇಡೀ ಬಿಲ್ಡಿಂಗಿಗೆ ಹೋಳಿಗಿ ಊಟ. ಬೀಗರು ಎಂಥಾ ರಸಿಕರು ಅಂತೀರಿ! ಇನ್ನ ಪ್ರತಿ ಐತವಾರ ರಾಜಶೇಖರಣ್ಣಾರ ಜೋಡಿ ಕುಂತು ಸಂಗೀತ ಕೇಳಾಕ ಬರ್ತಾರಂತ. ನನ್ನೂ ಕರದಾರ, ಮಾಸ್ತರ್ರನ್ನೂ ಕರದಾರ. ಆ ಉಳವಪ್ಪಗೂ ಹೇಳ್ಯಾರ.”

“ನನಗ?”

“ನಿಮ್ಮನ್ನೂ ಕೇಳಿದ್ರು, ಕೆಳಗಿನ ಮನಿಯವರು ಯಾಕ ಬಂದಿಲ್ಲ ಅಂತ.” ದಾಕ್ಷಾಯಿಣಿ ಬಟ್ಟಲನ್ನು ಅವನ ಮುಂದಿಟ್ಟಳು. “ರಾಜಶೇಖರಣ್ಣಾರು ಪಾಪ, ಒಂದ ಸುಳ್ಳ ಹೇಳಿ ನಿಮ್ಮ ಮರ್ಯಾದಿ ಉಳಿಸ್ಯಾರ. ಸಂಗೀತ ಅಂದ್ರ ನಿಮಗ ತಲಿ ಹಿಡೀತೈತಿ, ಹಾಡು ಶುರು ಆದ್ರ ಕೆಳಗ ಕದಾ ಹಾಕ್ಕೊಂಡು ಒಬ್ಬರ ಕುಂದರತೀರಿ, ನಿಶ್ಚಯದ ದಿನಾನೂ ನಿಮ್ಮನ್ನ ಕರೀಬಾರದು ಅಂತ ಹೇಳಿದ್ರು. ಬೀಗರು ಭಾಳ ಮರಗಿದ್ರು. ‘ಎಲ್ಲಾರಿಗೂ ಆ ಭಾಗ್ಯ ಎಲ್ಲಿ ಬರತೈತ್ರಿ’ ಅಂದ್ರು.”

ಶಂಭುಲಿಂಗ ಏನೋ ಹೇಳಲು ಬಾಯಿ ತೆರೆದ. ಫೋನು ಮಿಡಿಯಿತು. ಮೇಲಿನಿಂದ ಮೆಸೇಜ್ ಬಂದಿತ್ತು: ‘ಶಂಭಣ್ಣಾ, ಇನ್ನೊಂದ ಸ್ವಲ್ಪ ಜೋರು.’

ಅವನು ಬಾಯಿಗೆ ಒಂದು ಚಮಚ ಶಿರಾ ಹಾಕಿಕೊಂಡು ವಾಲ್ಯೂಮ್ ಏರಿಸಿದ.